ಸುಕ್ಕಿಲ್ಲದ ಕೈಗವಸು

ಮೋಟರ್‌ಸೈಕಲ್ಲಿನ ಸೀಟಿಗೆ ಕವರು ಹೊಲಿಯುವ ಹೆಂಗಸನ್ನು ಜನ ಸೀಟಕ್ಕ ಎಂದು ಕರೆಯದೆ ಇನ್ನೇನೆಂದು ಕರೆದಾರು? ಮೊದಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಮುಖದೆದುರೇ ಕರೆದರು, ಕೊನೆಗೆ ಹೆತ್ತ ತಾಯಿಯೂ ಹಾಗೇ ಕರೆಯತೊಡಗಿದಳು. ಸೀಟಕ್ಕನಿಗೆ ಬೇಸರವೇನೂ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೀಟಿನ ಅಂಗಡಿಗಳು ಸಾಲಾಗಿದ್ದವು. ಆದರೆ ಅವಳು ಎಳೆದು ಕೂರಿಸಿದ ರೆಕ್ಸಿನ್ ಮೇಲೆ ಒಂದೇ ಒಂದು ಸುಕ್ಕು ಹುಡುಕಿ ತೋರಿಸಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. "ಸುಕ್ಕು ನನ್ನ ಮುಖದ ಮೇಲೆ ಬರ್ಲಿ, ಸೀಟಿನ ಮೇಲೆ ಬರಬಾರ್ದು" ಎಂದು ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳು. ಅದು ಜಂಬದ ಮಾತೇ, ಆದರೆ ಜಂಬ ಪಡುವುದಕ್ಕೆ ಕೈಯಲ್ಲಿ ಕಸುಬಿತ್ತು.

ಮನೆಯಲ್ಲಿ ನಾಲ್ಕು ಜನ: ಸೀಟಕ್ಕ, ಎಲ್ಲರೂ ಅಜ್ಜಿ ಎನ್ನುವ ಅವಳ ತಾಯಿ, ಲಿಫ್ಟ್ ರಿಪೇರಿ ಮಾಡುವ ಮಗ, ಅವನ ಹೆಂಡತಿ. ಈ ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನವಳು. ಬೆಳಗ್ಗೆ ಜನ ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲೇ ಮನೆಮನೆಗೆ ಹೋಗಿ ರಕ್ತ ತೆಗೆದು, ಆ ಟ್ಯೂಬುಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು, ಮೋಟರ್‌ಸೈಕಲ್ಲಿನಲ್ಲಿ ಲ್ಯಾಬಿಗೆ ತಲುಪಿಸುವುದು ಅವಳ ಕೆಲಸ. ಚಳಿ ಶುರುವಾಗುತ್ತಿದ್ದಂತೆ ಅವಳಿಗೆ ಗುಡ್ಡದ ರೂಟು ಸಿಕ್ಕಿತು. ಗುಡ್ಡದ ಮೇಲಿನ ಬಡಾವಣೆಯಲ್ಲಿ ವಯಸ್ಸಾದವರೇ ಹೆಚ್ಚು, ಇಳಿದು ಬರುವ ತ್ರಾಣವಿಲ್ಲದವರು. ಅಲ್ಲಿಗೆ ಹೋಗುತ್ತಿದ್ದ ಗಂಡಸು 'ಈ ಚಳಿ ನನ್ನ ಕೈಲಾಗಲ್ಲ' ಎಂದು ಬಿಟ್ಟುಹೋಗಿದ್ದ. ಇನ್ನು ಯಾರು ಹೋಗುತ್ತೀರಿ ಎಂದು ಲ್ಯಾಬಿನ ಡಾಕ್ಟರಮ್ಮ ಕೇಳಿದಾಗ ಕೈ ಎತ್ತಿದವಳು ಇವಳೊಬ್ಬಳೇ.

ಮಾರನೆಯ ದಿನ ಸೀಟಿನ ಅಂಗಡಿಗೆ ಬಂದವರಿಗೆಲ್ಲ ಈ ಸುದ್ದಿ ಮುಟ್ಟಿತು. ಸ್ಪಾಂಜು ಬದಲಿಸಲು ಬಂದವರಿಗೂ ಮುಟ್ಟಿತು, ದಾರಿ ಕೇಳಲು ಬಂದವರಿಗೂ ಮುಟ್ಟಿತು.

"ಎಲ್ಲಾ ಸರಿ ಸೀಟಕ್ಕ," ಎಂದ ಅಂಗಡಿಯ ಮಾಲೀಕ, "ಆ ಚಳಿಗೆ ಒಳ್ಳೇ ಗ್ಲೌಸ್ ಬೇಕಲ್ಲ? ದೊಡ್ಡ ರಸ್ತೇಲಿ ಹೊಸ ಅಂಗಡಿ ಆಗಿದೆ. ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು ಎಲ್ಲಾ ಇಟ್ಟಿದ್ದಾರೆ."

"ಚೆನ್ನಾಗಿ ಹೇಳಿದ್ರಿ! ಊರಿನ ಗಾಡಿಗಳಿಗೆಲ್ಲ ಬಟ್ಟೆ ತೊಡಿಸೋಳು ನಾನು. ನನ್ನ ಸೊಸೆ ಕೈಗೆ ಅಂಗಡಿಯಿಂದ ತರಬೇಕಾ? ಅಂಗಡಿ ಗ್ಲೌಸು ನಮ್ಮನೆ ಹೊಸ್ತಿಲು ದಾಟೋದಿಲ್ಲ, ಬರೆದಿಟ್ಕೊಳ್ಳಿ."

ಆ ಸಂಜೆ ತಟ್ಟೆಗಳನ್ನು ಎತ್ತಿ ಮೇಜು ಒರೆಸಿ, ಅದರ ಮೇಲೆ ರಟ್ಟು ಹಾಸಿದಳು.

"ಕೈ ಇಡು."

ಸೊಸೆ ಅಂಗೈ ಊರಿದಳು. ಸೀಟಕ್ಕ ಬೆರಳುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. ಅಜ್ಜಿ ಕುರ್ಚಿಯಿಂದ ಕತ್ತು ಚಾಚಿದಳು.

"ಉಗುರು ಕತ್ತರಿಸ್ಕೊಂಡಿದ್ದಾಳಾ ನೋಡೇ. ಆಮೇಲೆ ಉಗುರಿಗೂ ಬಟ್ಟೆ ವೇಸ್ಟು."

"ನೀನು ಸುಮ್ನಿರಮ್ಮ. ಅಳತೆ ತಪ್ಪುತ್ತೆ."

ಅವಳ ಅಳತೆ ತಪ್ಪುವುದುಂಟೇ? ಹೊರಗೆ ಕಪ್ಪು ರೆಕ್ಸಿನ್, ನಡುವೆ ತೆಳು ಸ್ಪಾಂಜು, ಒಳಗೆ ಮೆತ್ತನೆ ಬಟ್ಟೆ. ಮೂರು ದಿನ ಊಟದ ಬಿಡುವಿನಲ್ಲಿ ಕೂತು ಹೊಲಿದಳು. ಸೀಟಿಗೆ ಎಳೆದಂತೆಯೇ ಎಳೆದು ಹೊಲಿದಳು. ತಂದು ತೊಡಿಸಿದಾಗ ಸೊಸೆಯ ಕೈ ಹೊಸ ಸೀಟಿನ ಹಾಗೆ ಮಿಂಚಿತು. ಸುಕ್ಕೆಂಬುದರ ಸುಳಿವೇ ಇಲ್ಲ.

"ಹೇಗಿದೆ?"

"ಚೆನ್ನಾಗಿದೆ ಅತ್ತೆ. ಸ್ವಲ್ಪ ಬಿಗಿ..."

"ಹೊಸದು ಬಿಗಿ ಇರುತ್ತೆ ಕಣೇ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ. ಬಾ, ಹೊರಗೆ ಬೆಳಕಲ್ಲಿ ನೋಡೋಣ."

ಬೆಳಕಿನ ನೆಪದಲ್ಲಿ ಬೀದಿಗೆಲ್ಲ ಪ್ರದರ್ಶನವಾಯಿತು. ಎದುರು ಮನೆಯವಳು ಮುಟ್ಟಿ ನೋಡಿದಳು, ಪಕ್ಕದ ಮನೆಯ ಡ್ರೈವರು ತನಗೂ ಒಂದು ಜೊತೆ ಬೇಕೆಂದ. ಹೆತ್ತವಳಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಹೆಗ್ಗಣ ಬೀದಿಯವರಿಗೆಲ್ಲ ಮುದ್ದಾಗಿ ಕಂಡದ್ದೇ ತೊಂದರೆಯಾಯಿತು.

ಆಮೇಲಿನ ವಾರಗಳಲ್ಲಿ ಚಳಿ ಏರಿತು. ಸೊಸೆ ಕತ್ತಲಿರುವಾಗಲೇ ಎದ್ದು, ಚಹಾ ಕುಡಿದು, ಗಾಡಿ ಏರಿ ಹೋಗುತ್ತಿದ್ದಳು. ಮರಳಿ ಬಂದವಳು ಲೋಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಹಳ ಹೊತ್ತು ಕೂರುತ್ತಿದ್ದಳು. ಪಾತ್ರೆ ತೊಳೆಯುವಾಗ ಅವಳ ಕೈಯಿಂದ ಒಂದು ಗಾಜಿನ ಲೋಟ ಜಾರಿತು. ಇನ್ನೊಂದು ದಿನ ಮೊಟ್ಟೆ ಒಡೆಯಲು ಹೋಗಿ ಚಿಪ್ಪಿನ ಸಮೇತ ಬಾಣಲೆಗೆ ಹಾಕಿದಳು. "ನಮ್ಮನೇಲಿ ಮೊಟ್ಟೆಗೂ ಮೂಳೆ ಬಂತು" ಎಂದು ಅಜ್ಜಿ ಚಿಪ್ಪಿನ ಚೂರು ಉಗುಳಿದಳು. ಸೀಟಕ್ಕ ನಕ್ಕಳು. ಅದರಾಚೆ ಏನನ್ನೂ ಯೋಚಿಸಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಸೊಸೆ ಬಿದ್ದಳು. ಗುಡ್ಡವಿಳಿದು ಬಂದು ಲ್ಯಾಬಿನ ಗೇಟಿನ ಬಳಿ ತಿರುಗುವಾಗ ಬ್ರೇಕು ಹಿಡಿಯುವುದು ಒಂದು ಕ್ಷಣ ತಡವಾಯಿತು. ಗಾಡಿ ಮಗ್ಗುಲಾಯಿತು. ಮೊಣಕಾಲು ತರಚಿದ್ದು ಬಿಟ್ಟರೆ ಅವಳಿಗೇನೂ ಆಗಲಿಲ್ಲ. ಆದರೆ ಪೆಟ್ಟಿಗೆಯ ಮುಚ್ಚಳ ಕಿತ್ತು, ಟ್ಯೂಬುಗಳೆಲ್ಲ ರಸ್ತೆಗೆ ಬಿದ್ದು ಒಡೆದವು. ಮಾರನೆಯ ದಿನ ಅವಳು ಅಷ್ಟೂ ಮನೆಗಳ ಬಾಗಿಲು ತಟ್ಟಿ, ತಪ್ಪಾಯಿತೆಂದು ಹೇಳಿ, ಅದೇ ಮುದುಕ ಮುದುಕಿಯರ ತೋಳಿಗೆ ಮತ್ತೆ ಸೂಜಿ ಚುಚ್ಚಿ ಬಂದಳು. ಒಬ್ಬರೂ ಬೈಯಲಿಲ್ಲವಂತೆ. ಬೈದಿದ್ದರೆ ವಾಸಿಯಿತ್ತು ಎಂದಳು.

ರಾತ್ರಿ ಊಟಕ್ಕೆ ಕೂತಾಗ ಮಗ ಶುರುಮಾಡಿದ.

"ಡಾಕ್ಟರಮ್ಮ ಏನಂದ್ರು?"

"ಇನ್ನೊಂದ್ಸಲ ಹೀಗಾದ್ರೆ ಗುಡ್ಡದ ರೂಟು ಬೇರೆಯವರಿಗೆ. ನಾನು ಕೌಂಟರಲ್ಲಿ ಕೂತು ಚೀಟಿ ಹರೀಬೇಕು."

"ಹರಿ. ಬೆಚ್ಚಗೆ ಒಳಗೆ ಕೂತು ಮಾಡೋ ಕೆಲಸ. ಯಾರು ಬೇಡ ಅಂತಾರೆ?"

"ನಾನು ಬೇಡ ಅಂತೀನಿ. ರೀ, ನಾನು ಕೈ ಎತ್ತಿ ತಗೊಂಡ ರೂಟು ಅದು."

"ಹಾಗಿದ್ರೆ ಬಿದ್ದಿದ್ದು ಯಾಕೆ ಹೇಳು."

ಸೊಸೆ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚೂರು ಮಾಡುತ್ತ ಕೂತಳು. ಒಮ್ಮೆ ಅತ್ತೆಯ ಕಡೆ ನೋಡಿದಳು.

"ರಸ್ತೆ ಒದ್ದೆ ಇತ್ತು. ಜಾರ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಸೀಟಕ್ಕ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಬಾಯಿ ಮುಚ್ಕೊಂಡು ತಿನ್ನೋ! ಗಂಡಸರು ಬಿಟ್ಟು ಓಡಿಹೋದ ದಾರೀಲಿ ಒಂದು ತಿಂಗಳಿಂದ ಹತ್ತಿ ಇಳೀತಿದ್ದಾಳೆ ಅವಳು. ನೀನು ಲಿಫ್ಟಲ್ಲಿ ಗುಂಡಿ ಒತ್ತಿ ಮೇಲೆ ಹೋಗೋನು."

"ನಾನು ಲಿಫ್ಟಿನ ಗುಂಡಿ ಒತ್ತೋದಲ್ಲಮ್ಮ, ರಿಪೇರಿ ಮಾಡೋದು."

"ಎರಡೂ ಒಂದೇ."

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ, ಬಿಡ್ರೋ," ಎಂದಳು ಅಜ್ಜಿ. "ಮೊಣಕಾಲಿಗೆ ಏನಾದ್ರೂ ಹಚ್ಕೊಂಡ್ಯಾ ಮಗಳೇ?"

ಮಗನ ಬಾಯಿ ಮುಚ್ಚಿಸಿದಳೇನೋ ಸರಿ, ಆದರೆ ಸೀಟಕ್ಕನಿಗೆ ನಿದ್ದೆ ಹತ್ತಲಿಲ್ಲ. ಸೊಸೆ ಕೌಂಟರಿನ ಗಾಜಿನ ಹಿಂದೆ ಕೂತದ್ದೇ ಕಣ್ಣಿಗೆ ಬರುತ್ತಿತ್ತು. ತಾನು ಮೊದಲು ಸೀಟಿನ ಅಂಗಡಿಗೆ ಹೋದಾಗ 'ಹೆಂಗಸರಿಗೆ ಈ ಎಳೆದಾಟ ಆಗಲ್ಲ, ಗುಂಡಿ ಹೊಲಿ ಸಾಕು' ಎಂದವರ ಮುಖಗಳು ಇವತ್ತಿಗೂ ನೆನಪಿದ್ದವು. ಚಳಿ ಎಲ್ಲೋ ಒಳಗೆ ನುಗ್ಗುತ್ತಿದೆ, ಅದಕ್ಕೇ ಕೈ ಸೋತಿದೆ ಎಂದು ತೀರ್ಮಾನಿಸಿದಳು. ಪರಿಹಾರ ಸುಲಭ. ಎರಡನೆಯ ಜೊತೆ ಹೊಲಿದಳು. ಈ ಸಲ ದಪ್ಪ ಸ್ಪಾಂಜು. ದಪ್ಪವಾದರೆ ಉಬ್ಬುತ್ತದೆ, ಉಬ್ಬಿದರೆ ಸುಕ್ಕು ಬರುತ್ತದೆ. ಅದಕ್ಕೆ ಇನ್ನೂ ಎಳೆದು ಹೊಲಿದಳು.

ಸೊಸೆ ಅದನ್ನೂ ತೊಟ್ಟಳು. "ಚೆನ್ನಾಗಿದೆ ಅತ್ತೆ" ಎಂದಳು. ಈ ಸಲ 'ಬಿಗಿ' ಎಂಬ ಮಾತು ಬರಲಿಲ್ಲ.

ಸೀಟಿನ ಅಂಗಡಿಗೆ ವಾರದ ರಜೆ ಬಂದ ದಿನ ಸೀಟಕ್ಕ ಕತ್ತಲಲ್ಲೇ ಎದ್ದು ಶಾಲು ಸುತ್ತಿಕೊಂಡು ನಿಂತಿದ್ದಳು.

"ನಾನೂ ಬರ್ತೀನಿ. ಆ ಗುಡ್ಡ ಅದೇನು ಅಂತ ನೋಡ್ಬೇಕು."

"ಅತ್ತೆ, ಭಯಂಕರ ಚಳಿ."

"ಅದಕ್ಕೇ ನಿನ್ನ ಮೊದಲನೇ ಜೊತೆ ಹಾಕ್ಕೊಂಡಿದ್ದೀನಿ. ನನ್ನ ಕೈಗೂ ಸರಿಯಾಗಿ ಕೂತಿದೆ ನೋಡು."

ಮಗನ ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಏರಿದಳು. ಈ ಹೊತ್ತಿಗೆ ಅವಳು ಊರಿನ ಅರ್ಧ ಗಾಡಿಗಳ ಸೀಟು ಹೊಲಿದಿರಬೇಕು. ಆದರೆ ಮುಂಜಾನೆಯ ಚಳಿಯಲ್ಲಿ ಸೀಟಿನ ಮೇಲೆ ಕೂತು ಗುಡ್ಡ ಹತ್ತಿದ್ದು ಅದೇ ಮೊದಲು. ಬೀದಿ ದಾಟುವವರೆಗೆ ಚೆನ್ನಾಗಿತ್ತು. ತಾನು ಕೂತ ಸೀಟಿನ ಹೊಲಿಗೆಯನ್ನು ತಾನೇ ಮೆಚ್ಚಿಕೊಂಡಳು. ಸೇತುವೆ ದಾಟಿ ಏರು ಶುರುವಾದಾಗ ಗಾಳಿ ಮುಖಕ್ಕೆ ಬಡಿಯಿತು. ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಹಿಡಿಯಬೇಕಾದರೆ ಬೆರಳು ಮಡಚಬೇಕಷ್ಟೇ? ಮಡಚಿದ ಕೂಡಲೇ ರೆಕ್ಸಿನ್ ಬೆರಳ ತುದಿಗಳನ್ನು ಹಿಂದಕ್ಕೆ ಜಗ್ಗಿತು. ಗೆಣ್ಣುಗಳ ಮೇಲೆ ಹೊಲಿಗೆ ಒತ್ತಿ ಕೂತಿತು. ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಏನೂ ಆಗಲಿಲ್ಲ. ಏನೂ ಆಗದಿದ್ದಾಗಲೇ ಅವಳಿಗೆ ಹೆದರಿಕೆಯಾಯಿತು. ಕೈ ಕಂಬಿಯ ಮೇಲಿದೆಯೋ ಇಲ್ಲವೋ ಎಂದು ತಿರುಗಿ ನೋಡಿ ತಿಳಿದುಕೊಳ್ಳಬೇಕಾಯಿತು.

ಮೇಲೆ ತಲುಪಿ ಇಳಿದಾಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಅವಳಿಗಾಗಲಿಲ್ಲ. ಸೊಸೆಯೇ ಬಂದು ಬಿಚ್ಚಬೇಕು ಎಂದರೆ ಸೊಸೆ ಆಗಲೇ ಗೇಟಿನ ಹತ್ತಿರ ನಿಂತು, ಈ ಕಡೆ ಬೆನ್ನು ಹಾಕಿ, ಗವಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಒಂದು ಕೈ ಬಿಡಿಸಿಕೊಂಡಳು, ಇನ್ನೊಂದನ್ನೂ ಬಿಡಿಸಿಕೊಂಡಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಲು ಬಡಿಯುತ್ತ ನಿಂತಳು. ಬೆರಳುಗಳಿಗೆ ಜೀವ ಬಂದ ಮೇಲೆ ಗಂಟೆ ಒತ್ತಿದಳು.

ಬಾಗಿಲು ತೆರೆದವರು ಒಬ್ಬ ಮುದುಕರು. ಹಿಂದೆ ಶಾಲೆಯಲ್ಲಿ ಹೆಡ್ಮಾಸ್ಟರಾಗಿದ್ದವರು. ಸೀಟಕ್ಕ ಹೆಲ್ಮೆಟ್ಟು ಹಾಕಿಕೊಂಡೇ ಒಳಗೆ ಹೋಗಿ ಕೂತಳು. ಮುದುಕರ ತೋಳಿನಲ್ಲಿ ಚರ್ಮ ಜೋತು ಬಿದ್ದು, ನರ ಎಲ್ಲಿದೆಯೋ ದೇವರಿಗೇ ಗೊತ್ತು ಎನ್ನುವ ಹಾಗಿತ್ತು. ಸೊಸೆ ಮಾತಾಡಿಸುತ್ತ, ಬೆರಳಿನಿಂದ ತಡವುತ್ತ, ಒಂದೇ ಸಲಕ್ಕೆ ಸೂಜಿ ಇಳಿಸಿದಳು. ಮುದುಕರು ರೆಪ್ಪೆ ಕೂಡ ಅಲುಗಿಸಲಿಲ್ಲ.

"ಇವಳು ಬಂದ್ಮೇಲೆ ನನಗೆ ಸೂಜಿ ಭಯ ಹೋಯ್ತು," ಎಂದರು ಸೀಟಕ್ಕನಿಗೆ. "ಮೊದಲಿನವನು ನಾಲ್ಕು ಕಡೆ ಚುಚ್ಚೋನು. ಆದ್ರೆ ಈ ಹುಡುಗಿ ಕೈ ಮಾತ್ರ ಮಂಜುಗಡ್ಡೆ. ಗ್ಲೌಸ್ ತಗೋಬಾರ್ದಾ ಮಗು ಅಂದ್ರೆ ನಗ್ತಾಳೆ. ನೀವು ಇವಳಿಗೆ ಏನಾಗ್ಬೇಕು?"

"ಅತ್ತೆ," ಎಂದಳು ಸೀಟಕ್ಕ. ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಬಂದರೆ ಯಾವುದನ್ನು ನುಂಗುವುದು, ಯಾವುದನ್ನು ಉಗುಳುವುದು?

ಹೊರಗೆ ಬಂದ ಮೇಲೆ ಗಾಡಿಯ ಪಕ್ಕ ನಿಂತು ಕೇಳಿದಳು.

"ಬಿದ್ದಿದ್ದು ರಸ್ತೆ ಒದ್ದೆ ಇತ್ತು ಅಂತಲ್ಲ, ಅಲ್ವಾ?"

ಸೊಸೆ ತಂಪು ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ಹಾಕಿದಳು.

"ಬ್ರೇಕು ಸಿಕ್ಕಿದ್ದೇ ಗೊತ್ತಾಗ್ಲಿಲ್ಲ. ಅಲ್ವಾ? ಹೇಳೇ!"

"ಬೆರಳು ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ ಅತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಬೀದೀಗೆಲ್ಲ ತೋರಿಸಿದ್ರಿ. ಊಟ ಬಿಟ್ಟು ಹೊಲಿದ್ರಿ. ನನಗೆ ಅಂತ ಕೂತು ಯಾರೂ ಏನೂ ಹೊಲಿದಿರ್ಲಿಲ್ಲ ಅತ್ತೆ, ಹುಟ್ಟಿದಾಗಿಂದ."

"ಅದಕ್ಕೆ ನನ್ನ ಮರ್ಯಾದೆ ಉಳಿಸೋಕೆ ನೀನು ರಸ್ತೇಲಿ ಬೀಳ್ತೀಯಾ? ಗಂಡನ ಕೈಲಿ 'ಕುಣಿಯೋಕೆ ಬಾರದವಳು' ಅನ್ನಿಸ್ಕೋತೀಯಾ?"

ಕೋಪದಲ್ಲಿ ಕೈಯಲ್ಲಿದ್ದ ಗವಸನ್ನು ಕಿತ್ತು ಶಾಲಿನೊಳಗೆ ತುರುಕಿದಳು. ಆ ಕೋಪ ಯಾರ ಮೇಲೆ ಎಂದು ಸೊಸೆಗೆ ಗೊತ್ತಿತ್ತು. ಅವಳು ಸುಮ್ಮನೆ ಅತ್ತೆಯ ಕೈಗಳನ್ನು ಹಿಡಿದು ಉಜ್ಜಿದಳು. ಅವತ್ತು ಉಳಿದ ಮನೆಗಳಿಗೆಲ್ಲ ಸೊಸೆ ಕೈಗೆ ಶಾಲಿನ ಎರಡು ತುಂಡು ಸುತ್ತಿಕೊಂಡು ಗಾಡಿ ಓಡಿಸಿದಳು. ಹರಿದು ಕೊಟ್ಟವಳು ಸೀಟಕ್ಕ.

ಸಂಜೆ ಊಟಕ್ಕೆ ಎಲ್ಲರೂ ಕೂತ ಮೇಲೆ, ಬಡಿಸುವುದಕ್ಕೂ ಮುಂಚೆ, ಸೀಟಕ್ಕ ಎರಡೂ ಜೊತೆ ಗವಸುಗಳನ್ನು ತಂದು ಮೇಜಿನ ನಡುವೆ ಹಾಕಿದಳು.

"ಇದನ್ನ ಹಾಕ್ಕೋ," ಎಂದಳು ಮಗನಿಗೆ.

"ಊಟದ ಹೊತ್ತಲ್ಲಾ?"

"ಹಾಕ್ಕೊಂಡು ಆ ಲೋಟ ಹಿಡಿ. ನಾನು ಹೇಳೋ ತನಕ ಬಿಡಬೇಡ."

ಮಗನ ಕೈ ದೊಡ್ಡದು. ಅರ್ಧವಷ್ಟೇ ಒಳಹೋಯಿತು. ಲೋಟ ಹಿಡಿದು ಸ್ವಲ್ಪ ಹೊತ್ತಿಗೇ ಮುಖ ಕಿವುಚಿದ.

"ಬೆರಳು ಕಟ್ಟುತ್ತೆ ಕಣಮ್ಮ ಇದು!"

"ಕಟ್ಟುತ್ತೆ. ಚಳಿ ಇಲ್ಲದೇನೇ ಕಟ್ಟುತ್ತೆ. ಅವಳು ಇದನ್ನ ಹಾಕ್ಕೊಂಡು ಗುಡ್ಡ ಇಳಿದಿದ್ದಾಳೆ. ನೀನು ಅವತ್ತು ಏನೋ ಗಾದೆ ಹೇಳಿದ್ಯಲ್ಲ? ನೆಲಾನೂ ಡೊಂಕಿರ್ಲಿಲ್ಲ, ಕುಣಿಯೋಳಿಗೂ ಕುಣಿಯೋಕೆ ಬರುತ್ತೆ. ಗೆಜ್ಜೆ ಕಟ್ಟಿದೋಳು ನಾನು. ರಕ್ತ ಓಡಾಡದ ಹಾಗೆ ಕಟ್ಟಿಬಿಟ್ಟೆ."

ಮಗ ಗವಸು ಬಿಚ್ಚಿಟ್ಟು ಹೆಂಡತಿಯ ಮುಖ ನೋಡಿದ. "ನನಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ಅತ್ತೆ ಹತ್ರ ಜಗಳ ಆಡ್ತಿದ್ರಿ."

"ಆಡ್ತಿದ್ದೆ," ಎಂದು ಅವನು ಒಪ್ಪಿಕೊಂಡ. ಆಮೇಲೆ ಎದ್ದು ತಾನೇ ಎಲ್ಲರಿಗೂ ಬಡಿಸಿದ. ಅಜ್ಜಿಯ ತಟ್ಟೆಗೆ ಉಪ್ಪು ಎರಡು ಸಲ ಹಾಕಿದ್ದನ್ನು ಅಜ್ಜಿ ಆ ಹೊತ್ತಿಗೆ ದೊಡ್ಡದು ಮಾಡಲಿಲ್ಲ.

"ಸೀಟು ಇಟ್ಟ ಕಡೆ ಬಿದ್ದಿರುತ್ತೆ," ಎಂದಳು ಸೀಟಕ್ಕ ತುತ್ತು ಕಲೆಸುತ್ತ, ಯಾರಿಗೂ ಅಲ್ಲ ಎಂಬಂತೆ. "ಕೈ ಹಾಗಲ್ಲ. ನಾನು ಕೈನ ಮೇಜಿನ ಮೇಲೆ ಹಾಸಿ ಅಳತೆ ತಗೊಂಡೆ. ಗಾಡಿ ಓಡಿಸೋಳು ಕೈ ಹಾಸ್ಕೊಂಡು ಕೂರ್ತಾಳಾ?"

"ಹಾಗಾದ್ರೆ ಮೂರನೇ ಜೊತೆ ಹೊಲಿ," ಎಂದಳು ಅಜ್ಜಿ.

ಸೀಟಕ್ಕ ಹೊಲಿಯಬಹುದಿತ್ತು. ಆ ಆಸೆ ಬೆರಳ ತುದಿಗೇ ಬಂದು ನಿಂತಿತ್ತು. ಆದರೆ ಮೂರನೆಯದೂ ತಪ್ಪಿದರೆ ಬೀಳುವವಳು ಸೊಸೆ.

"ಇಲ್ಲಮ್ಮ. ನಾಳೆ ಅಂಗಡಿಗೆ ಹೋಗ್ತೀವಿ."

ದೊಡ್ಡ ರಸ್ತೆಯ ಆ ಅಂಗಡಿಯಲ್ಲಿ ಗವಸುಗಳು ಗೋಡೆಯ ತುಂಬ ಜೋತು ಬಿದ್ದಿದ್ದವು. ಅಂಗಡಿಯವನು ಸೊಸೆಯನ್ನು ನೋಡಿದ ಕೂಡಲೇ ನಸುಗೆಂಪು ಬಣ್ಣದ, ಅಂಚಿಗೆ ತುಪ್ಪಳ ಹಚ್ಚಿದ ಒಂದು ಜೊತೆ ಮುಂದಿಟ್ಟ.

"ಲೇಡೀಸ್ ಐಟಮ್ಮು ಮೇಡಂ. ಇದೇ ಜಾಸ್ತಿ ಹೋಗೋದು."

"ಎಲ್ಲಿಗೆ ಹೋಗುತ್ತೆ ಇದು, ಮದುವೆಗಾ?" ಎಂದಳು ಸೀಟಕ್ಕ. "ಇವಳು ಬೆಳಗಿನ ಜಾವ ಗುಡ್ಡ ಹತ್ತೋಳು. ಮಂಜಿನಲ್ಲಿ ನೆನೀಬಾರ್ದು, ಗಾಳಿ ನುಗ್ಗಬಾರ್ದು. ಆ ತರಹದ್ದು ತೆಗೀರಿ."

ಉಣ್ಣೆಯದು ಬಂತು. ಗಾಳಿ ನುಗ್ಗುತ್ತದೆ ಎಂದು ಸೀಟಕ್ಕ ಅದನ್ನು ತುಟಿಗೆ ಹಿಡಿದು ಊದಿ ತೋರಿಸಿದಳು. ಅಪ್ಪಟ ಚರ್ಮದ್ದು ಬಂತು. ಅದನ್ನು ನೋಡಿ ಅವಳ ಕಣ್ಣು ಅರಳಿತು. ಎಂಥ ಹೊಲಿಗೆ, ಎಂಥ ಬಿಗಿ, ಒಂದು ಸುಕ್ಕಿಲ್ಲ! ಸೊಸೆ ಅದನ್ನು ತೊಟ್ಟು ಮುಷ್ಟಿ ಕಟ್ಟಿದಳು. ಬೇಡವೆಂದು ತಲೆಯಾಡಿಸಿ ಬಿಚ್ಚಿಟ್ಟಳು. ಈ ಸಲ 'ಚೆನ್ನಾಗಿದೆ ಅತ್ತೆ' ಎನ್ನಲಿಲ್ಲ. ಸೀಟಕ್ಕನಿಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ತಾನೇ ಅದನ್ನು ಮಡಚಿ ವಾಪಸು ಕೊಟ್ಟಳು.

ಕೊನೆಗೆ ಸೊಸೆಯೇ ಗೋಡೆಯ ಮೂಲೆಯಿಂದ ಒಂದು ಬೂದು ಬಣ್ಣದ ಜೊತೆ ಇಳಿಸಿದಳು. ಮಣಿಕಟ್ಟು ದಾಟಿ ತೋಳಿನ ಮೇಲೆ ಏರುವಷ್ಟು ಉದ್ದ. ಹೊರಗೆ ನೀರು ನಿಲ್ಲದ ಬಟ್ಟೆ, ಒಳಗೆ ಮೆತ್ತನೆ ಪದರ. ಬೆರಳುಗಳು ಮೊದಲೇ ಸ್ವಲ್ಪ ಬಾಗಿದ ಹಾಗೆ ಹೊಲಿದಿದ್ದರು. ತೊಟ್ಟಾಗ ಗೆಣ್ಣುಗಳ ಮೇಲೆ ಸುಕ್ಕೋ ಸುಕ್ಕು.

"ಹೊರಗೆ ಬಾ," ಎಂದಳು ಸೀಟಕ್ಕ. "ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡಿ."

ಸೊಸೆ ಹಿಡಿದಳು. ಕ್ಲಚ್ಚು ಒತ್ತಿದಳು, ಬ್ರೇಕು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬೆರಳು ಮಡಚಿದ ಕೂಡಲೇ ಗೆಣ್ಣಿನ ಮೇಲಿನ ಸುಕ್ಕೆಲ್ಲ ಬಿಚ್ಚಿಕೊಂಡು ನೇರವಾಯಿತು. ಸೀಟಕ್ಕ ಬಗ್ಗಿ ನೋಡಿದಳು. ಬೆರಳ ತುದಿಯನ್ನು ಚಿವುಟಿದಳು. ಉಗುರಿಗೂ ಬಟ್ಟೆಗೂ ನಡುವೆ ಒಂದಿಷ್ಟು ಜಾಗವಿತ್ತು.

"ಇಲ್ಲಿ ಗಾಳಿ ನಿಲ್ಲುತ್ತೆ ಅತ್ತೆ. ಆ ಗಾಳೀನೇ ಬೆಚ್ಚಗಾಗೋದು."

"ಬ್ರೇಕು ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ನನ್ನಾಣೆ ಮಾಡಿ ಹೇಳು."

"ನಿಮ್ಮಾಣೆ ಗೊತ್ತಾಗುತ್ತೆ."

ಅಂಗಡಿಯವನು ಬಾಗಿಲಿಗೆ ಬಂದು ನಿಂತಿದ್ದ. "ನೀವು ಸೀಟಕ್ಕ ಅಲ್ವಾ? ನನ್ನ ಗಾಡಿ ಸೀಟು ನೀವೇ ಹೊಲಿದಿದ್ದು. ನಿಮ್ಮಂಥೋರು ನನ್ನ ಹತ್ರ ಗ್ಲೌಸ್ ತಗೊಳ್ಳೋಕೆ ಬರೋದಾ?"

"ನಾನು ಸೀಟು ಹೊಲಿಯೋಳಪ್ಪ," ಎಂದಳು ಸೀಟಕ್ಕ, ದನಿ ತಗ್ಗಿಸದೆ. "ಕೈ ಹೊಲಿಯೋಕೆ ನನಗೆ ಬರಲ್ಲ."

ಸೊಸೆ ಥಟ್ಟನೆ ತಲೆಯೆತ್ತಿ ನೋಡಿದಳು. ಸೀಟಕ್ಕ ಆಗಲೇ ಬೆಲೆ ಚೌಕಾಶಿಗೆ ಇಳಿದಿದ್ದಳು.

ಆಮೇಲೆ ಚಳಿ ಇನ್ನೂ ಜೋರಾಯಿತು. ಬೆಳಗ್ಗೆ ಬಾಗಿಲು ತೆರೆದರೆ ಎದುರು ಮನೆ ಕಾಣದಷ್ಟು ಮಂಜು. ಮಗ ಸೊಸೆಗಿಂತ ಮುಂಚೆ ಎದ್ದು ಚಹಾ ಕಾಸಲು ಕಲಿತ. ಅದು ಚಹಾ ಅಲ್ಲ, ಬಿಸಿನೀರಿನ ಬಣ್ಣ ಎಂದು ಅಜ್ಜಿ ದಿನವೂ ಹೇಳಿ ದಿನವೂ ಕುಡಿದಳು. ಸೊಸೆಯ ಟ್ಯೂಬುಗಳು ಒಂದೂ ಒಡೆಯದೆ, ಒಂದು ದಿನವೂ ತಡವಾಗದೆ ಲ್ಯಾಬು ಸೇರಿದವು. ಕೌಂಟರಿನ ಮಾತು ಡಾಕ್ಟರಮ್ಮನ ಬಾಯಿಂದ ಮತ್ತೆ ಬರಲಿಲ್ಲ. ಬಂದದ್ದು ಬೇರೆ ಮಾತು: ಹೊಸದಾಗಿ ಸೇರಿದ ಇಬ್ಬರು ಗಂಡಸರಿಗೆ ಗುಡ್ಡದ ದಾರಿ ತೋರಿಸಿ, ಕೆಲಸ ಕಲಿಸಬೇಕು. ಕಲಿಸುವವಳು ಸೊಸೆ.

ಅವತ್ತು ಮಧ್ಯಾಹ್ನ ಸೀಟಿನ ಅಂಗಡಿಯ ಮುಂದೆ ಮೂರು ಗಾಡಿಗಳು ಬಂದು ನಿಂತವು. ಮುಂದಿನದು ಸೊಸೆಯದು, ಹಿಂದೆ ಅವಳ ಇಬ್ಬರು ಶಿಷ್ಯರು. ಅದರಲ್ಲೊಬ್ಬನ ಸೀಟು ಹರಿದಿತ್ತಂತೆ. ಹೊಲಿಸಬೇಕಾದರೆ ಇಲ್ಲಿಯೇ ಹೊಲಿಸಬೇಕು ಎಂದು ಅವಳು ಕರೆತಂದಿದ್ದಳು. ಸೊಸೆ ಗಾಡಿಯಿಂದ ಇಳಿಯದೆ, ಬೂದು ಗವಸಿನ ಕೈ ಹ್ಯಾಂಡಲ್ಲಿನ ಮೇಲೆಯೇ ಇಟ್ಟುಕೊಂಡು, "ಅತ್ತೆ, ಸುಕ್ಕಿಲ್ಲದ ಹಾಗೆ ಹೊಲಿದುಕೊಡಿ" ಎಂದಳು.

ಮಾಲೀಕ ಕನ್ನಡಕದ ಮೇಲಿನಿಂದ ಆ ಗವಸನ್ನು ನೋಡಿದ. ಬೀದಿಯವರ ಮುಂದೆ ಇಂಥ ಅವಕಾಶ ಸಿಕ್ಕರೆ ಬಿಡುವವನಲ್ಲ.

"ಏನು ಸೀಟಕ್ಕ? ಅಂಗಡಿ ಗ್ಲೌಸು ಹೊಸ್ತಿಲು ದಾಟೋದಿಲ್ಲ, ಬರೆದಿಟ್ಕೊಳ್ಳಿ ಅಂದಿದ್ರಿ?"

ಸೀಟಕ್ಕ ಮೆಷಿನ್ನಿನ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಸೊಸೆಯನ್ನು, ಅವಳ ಹಿಂದೆ ಅಪ್ಪಣೆಗೆ ಕಾದು ನಿಂತ ಇಬ್ಬರು ಗಂಡಸರನ್ನು ಕಣ್ತುಂಬ ನೋಡಿದಳು. ಬೀದಿಗೆಲ್ಲ ಕೇಳಿಸಲಿ ಎಂದೇ ಹೇಳಿದಳು:

"ಗ್ಲೌಸು ಅಂಗಡೀದು ಸಾಹೇಬ್ರೇ. ಒಳಗಿರೋ ಕೈ ನಮ್ಮನೇದು."